ನಡುವಟ್ಟಂ ಇಳಿಜಾರು

ನಂಜನಗೂಡು
೧೨ ಏಪ್ರಿಲ್ ೧೯೯೮

ಯಶೋಧರಾ ಅತ್ತಿಗೆಯವರಿಗೆ ಸಿದ್ದರಾಜು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಅತ್ತೆಯವರೂ ಗೌತಮಿಯೂ ಕ್ಷೇಮವೆಂದು ನಂಬಿದ್ದೇನೆ. ಎದುರು ಕೂತು ಮಾತಾಡಿದರೆ ನಮ್ಮಿಬ್ಬರ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಸೇಡಂನಿಂದ ವರ್ಗವಾಗಿ ಇಲ್ಲಿಯ ಪಶು ಆಸ್ಪತ್ರೆಗೆ ಕಾಂಪೌಂಡರಾಗಿ ಬಂದು ಮೂರು ತಿಂಗಳಾಯಿತು. ಕೆಲವು ಭಾನುವಾರ ನಿಮ್ಮಲ್ಲಿಗೆ ಬಂದೆ. ಬಂದಾಗಲೆಲ್ಲ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಸುತ್ತೂರು ಮೇಲೆ ಬರುವ ಬಸ್ಸು ಹಿಡಿದು ವಾಪಸಾದೆ. ಗೌತಮಿ ಅತ್ತೆಯವರ ಸೀರೆ ಹಿಡಿದು ಹಿಂದೆ ನಿಂತು ನನ್ನನ್ನು ನೋಡಿದಳು, ಅಷ್ಟೆ. ಕೋಮಲ ಕಾಮಾಲೆಯಿಂದ ತೀರಿಕೊಂಡಾಗ ಮಗು ಎಂಟು ತಿಂಗಳದ್ದು. ಅಕ್ಕನಾಗಿ ನೀವು ಎತ್ತಿಕೊಂಡು ಹೋಗಿ ಸಾಕಿದಿರಿ. ಅದನ್ನು ಮರೆತವನಲ್ಲ. ಆದರೆ ಆರು ತುಂಬುತ್ತಿರುವ ನನ್ನ ಮಗಳಿಗೆ ನಾನು ಯಾರೋ ನೆಂಟ.

ಮೇ ಮೊದಲ ವಾರ ನನ್ನ ಪರಿಚಯದ ಶಿವಮಲ್ಲಪ್ಪನವರು ಹೆಂಡತಿಯೊಡನೆ ತಮ್ಮ ಅಂಬಾಸಿಡರ್ ಕಾರಿನಲ್ಲಿ ಊಟಿಗೆ ಹೊರಟಿದ್ದಾರೆ. ಇಲ್ಲಿ ದಿನಸಿ ಮಂಡಿ ಇಟ್ಟಿರುವವರು. ಅವರ ಹಸುಗಳಿಗೆ ಔಷಧಿ ಕೊಡಲು ಹೋಗಿ ಸ್ನೇಹವಾಯಿತು. ಕಾರಿನಲ್ಲಿ ಜಾಗವಿದೆ, ನೀವೂ ಮಗೂನ ಕರ್ಕೊಂಡು ಬನ್ನಿ ಅಂದಿದ್ದಾರೆ. ನಾಲ್ಕು ದಿನ ಗೌತಮಿಯನ್ನು ಕಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬಿಸಿಲಿನಲ್ಲಿ ಬೇಯುವ ಮಗು ನಾಲ್ಕು ದಿನ ತಣ್ಣಗಿರಲಿ.

ಇಂತಿ,
ಸಿದ್ದರಾಜು


ಟಿ. ನರಸೀಪುರ
೧೭ ಏಪ್ರಿಲ್ ೧೯೯೮

ಸಿದ್ದರಾಜು ಅವರಿಗೆ,

ಪತ್ರ ತಲುಪಿತು. ಶಾಲೆಯ ಪರೀಕ್ಷೆ ಕೆಲಸ ಮುಗಿಯದ್ದರಿಂದ ಉತ್ತರ ತಡವಾಯಿತು.

ಮೊದಲನೆಯದಾಗಿ, ಗೌತಮಿಗೆ ಮೈಸೂರಿನವರೆಗೆ ಬಸ್ಸಿನಲ್ಲಿ ಹೋದರೂ ವಾಂತಿಯಾಗುತ್ತದೆ. ಘಟ್ಟದ ರಸ್ತೆ ಅವಳು ನೋಡಿಯೇ ಇಲ್ಲ.

ಇನ್ನೊಂದು. ಶಿವಮಲ್ಲಪ್ಪನವರು ಯಾವ ಜನ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ನಾವು ಯಾರೆಂದು ಅವರಿಗೂ ತಿಳಿದಿರಬೇಕು. ಬುತ್ತಿ ಬಿಚ್ಚುವ ಹೊತ್ತಿಗೆ ಮಗುವನ್ನು ಬೇರೆ ಕೂರಿಸುವ ಹಾಗಿದ್ದರೆ ಈಗಲೇ ಹೇಳಿ. ಆ ಪಾಠ ಅವಳು ಕಲಿಯುವುದು ಇದ್ದೇ ಇದೆ. ಪ್ರವಾಸ ಹೋಗಿ ಕಲಿಯಬೇಕಾಗಿಲ್ಲ.

ಕೊನೆಯದು. ನಮ್ಮ ಶಾಲೆಯ ಮೇಷ್ಟ್ರು ಮಾದಯ್ಯನವರ ಮನೆ ನಂಜನಗೂಡಿನಲ್ಲೇ. ನೀವು ದೊಡ್ಡ ಮನೆಗೆ ಬಾಡಿಗೆಗೆ ಹೋದಿರೆಂದೂ, ಒಂದು ಕಾನ್ವೆಂಟಿನಲ್ಲಿ ಒಂದನೇ ತರಗತಿಗೆ ಸೀಟು ಕೇಳಿದಿರೆಂದೂ ಅವರಿಂದ ತಿಳಿಯಿತು. ನಿಮ್ಮ ಪತ್ರದಲ್ಲಿ ಊಟಿಯ ವಿಷಯವಷ್ಟೇ ಇತ್ತು.

ಯಶೋಧರಾ


ನಂಜನಗೂಡು
೨೧ ಏಪ್ರಿಲ್ ೧೯೯೮

ಅತ್ತಿಗೆಯವರಿಗೆ ನಮಸ್ಕಾರಗಳು.

ಶಿವಮಲ್ಲಪ್ಪನವರು ಅಂಥವರಲ್ಲ. ಅವರ ಮನೆಯವರು ಸಿದ್ದಲಿಂಗಮ್ಮನವರೂ ಅಲ್ಲ. ಅವರ ಅಡುಗೆಮನೆ ಪಕ್ಕ ಕೂತು ನಾನು ಎಷ್ಟೋ ಸಲ ಉಂಡಿದ್ದೇನೆ. ವಾಂತಿಗೆ ನಿಂಬೆಹಣ್ಣು, ಮಾತ್ರೆ ಇಟ್ಟುಕೊಳ್ಳುತ್ತೇನೆ.

ಮನೆ ಬದಲಿಸಿದ್ದು ನಿಜ. ಹಳೆಯದರಲ್ಲಿ ನೀರು ಬರುತ್ತಿರಲಿಲ್ಲ. ಕಾನ್ವೆಂಟಿನ ಕಡೆ ಹೋಗಿದ್ದಾಗ ಸುಮ್ಮನೆ ವಿಚಾರಿಸಿದೆ. ಅದನ್ನು ದೊಡ್ಡದು ಮಾಡಬೇಕಾಗಿಲ್ಲ.

ಭಾನುವಾರ ಮೂರನೇ ತಾರೀಕು ಬೆಳಗ್ಗೆ ಕಾರು ನಿಮ್ಮ ಬಾಗಿಲಿಗೆ ಬರುತ್ತದೆ. ಬುಧವಾರ ಸಂಜೆ ತಂದುಬಿಡುತ್ತೇನೆ.

ಸಿದ್ದರಾಜು


ಟಿ. ನರಸೀಪುರ
೩ ಮೇ ೧೯೯೮

ಸಿದ್ದರಾಜು ಅವರಿಗೆ,

ಇದನ್ನು ಅವಳ ಬಟ್ಟೆಯ ಬ್ಯಾಗಿನಲ್ಲೇ ಇಡುತ್ತಿದ್ದೇನೆ. ಬಾಗಿಲಲ್ಲಿ ನಿಂತು ಹೇಳಿದರೆ ನೀವು ಅರ್ಧ ಕೇಳುತ್ತೀರಿ.

ಹೊಸಬರ ಎದುರು ಅವಳು ಉಣ್ಣುವುದಿಲ್ಲ. ಬಲವಂತ ಮಾಡದೆ ತಟ್ಟೆ ಮುಂದಿಟ್ಟು ಬೇರೆ ಕಡೆ ನೋಡಿದರೆ ತಾನೇ ಉಣ್ಣುತ್ತಾಳೆ. ‘ನಿದ್ದೆ ಬಂದಿಲ್ಲ’ ಅಂದರೆ ಬಂದಿದೆ ಎಂದರ್ಥ. ಜೋರು ದನಿಯಲ್ಲಿ ಗದರಿದರೆ ಅಳುವುದಿಲ್ಲ, ಮಾತು ನಿಲ್ಲಿಸುತ್ತಾಳೆ. ಅಳುವುದಕ್ಕಿಂತ ಅದು ಕಷ್ಟ.

ನಿಮ್ಮನ್ನು ಏನೆಂದು ಕರೆಯಬೇಕೆಂದು ನಿನ್ನೆ ಕೇಳಿದಳು. ಅಪ್ಪ ಅನ್ನು ಎಂದಿದ್ದೇನೆ. ಅನ್ನುತ್ತಾಳೋ ಇಲ್ಲವೋ ನನ್ನ ಕೈಲಿಲ್ಲ.

ಬುಧವಾರ ಎಂದರೆ ಬುಧವಾರ.

ಯಶೋಧರಾ


ನಂಜನಗೂಡು
೮ ಮೇ ೧೯೯೮

ಅತ್ತಿಗೆಯವರಿಗೆ ನಮಸ್ಕಾರಗಳು.

ಬುಧವಾರ ಬರಲಾಗಲಿಲ್ಲ, ಕ್ಷಮಿಸಿ. ಊಟಿಯ ಚಳಿಗೆ ಮಗುವಿಗೆ ಸ್ವಲ್ಪ ನೆಗಡಿ, ಮೈ ಬೆಚ್ಚಗಿತ್ತು. ಡಾಕ್ಟರಿಗೆ ತೋರಿಸಿದೆ, ಗಾಬರಿಯಾಗುವಂಥದ್ದೇನಿಲ್ಲ ಅಂದರು. ಇನ್ನೊಂದೆರಡು ದಿನ ಇಲ್ಲೇ ಇರಲಿ, ಸುಧಾರಿಸಿಕೊಂಡ ಮೇಲೆ ತರುತ್ತೇನೆ.

ಪ್ರವಾಸ ಚೆನ್ನಾಗಿ ಆಯಿತು. ಬಂಡೀಪುರದಲ್ಲಿ ರಸ್ತೆ ಪಕ್ಕದಲ್ಲೇ ಆನೆ, ಮರಿಯ ಸಮೇತ. ಗೂಡಲೂರು ದಾಟಿ ಘಟ್ಟ ಹತ್ತುವಾಗ ಎರಡು ಸಲ ವಾಂತಿಯಾಯಿತು. ಸಿದ್ದಲಿಂಗಮ್ಮನವರು ತಮ್ಮ ಮಡಿಲಲ್ಲಿ ಮಲಗಿಸಿಕೊಂಡರು. ಮೇಲೆ ಹೋಗುತ್ತ ಮೋಡ ಕಾರಿನೊಳಗೇ ಬಂದಾಗ ಎದ್ದು ಕೂತು ಕೈಯಲ್ಲಿ ಹಿಡಿಯಲು ನೋಡಿದಳು. ಕೆರೆಯಲ್ಲಿ ದೋಣಿ ಹತ್ತಿ ಹೋದೆವು. ಕುದುರೆ ಹತ್ತಿಸಿದೆ, ಇಳಿಯಲು ಒಪ್ಪಲಿಲ್ಲ. ಸೊಪ್ಪಿನ ಸಮೇತ ಮಾರುವ ಕ್ಯಾರೆಟ್ ಕಂಡು ಅವಳಿಗೆ ಆಶ್ಚರ್ಯ. ಅಜ್ಜಿಗೆ ತೋರಿಸಬೇಕೆಂದು ಒಂದು ಕಟ್ಟು ಇಟ್ಟುಕೊಂಡಿದ್ದಾಳೆ, ಸೊಪ್ಪು ಬಾಡಿದೆ. ನನ್ನ ಸ್ವೆಟರಿನ ತೋಳು ಮಡಿಸಿ ಅವಳಿಗೆ ಹಾಕಿದ್ದೆ, ಪಾದದವರೆಗೆ ಬರುತ್ತಿತ್ತು.

ನನ್ನ ಜೊತೆ ಹೊಂದಿಕೊಂಡಿದ್ದಾಳೆ. ಚಿಂತೆ ಬೇಡ.

ಸಿದ್ದರಾಜು


ಟಿ. ನರಸೀಪುರ
೧೧ ಮೇ ೧೯೯೮

ಸಿದ್ದರಾಜು ಅವರಿಗೆ,

ಇಂದು ಬುದ್ಧ ಪೂರ್ಣಿಮೆ. ಮನೆಯಲ್ಲಿ ದೀಪ ಹಚ್ಚಿದ್ದು ಅಮ್ಮನೂ ನಾನೂ ಇಬ್ಬರೇ. ಪ್ರತಿವರ್ಷ ಹೂವಿನ ತಟ್ಟೆ ಹಿಡಿಯುವವಳು ಗೌತಮಿ.

ಬುಧವಾರ ಬಾಗಿಲಲ್ಲಿ ಕಾರಿಗೆ ಕಾದೆ, ಗುರುವಾರ, ಶುಕ್ರವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಂದೆ. ನಿಮ್ಮ ಪತ್ರ ಇಂದು ಬಂತು. ನೆಗಡಿಯಾದ ಮಗುವನ್ನು ಇಷ್ಟು ದೂರ ತರಲಾಗುವುದಿಲ್ಲ ಎಂಬುದನ್ನು ನಾನು ನಂಬಬೇಕೆಂದು ಬರೆದಿದ್ದೀರಿ. ಹೊಂದಿಕೊಂಡಿದ್ದಾಳೆ ಎಂಬ ಮಾತಿನ ಅರ್ಥವೂ ಆಯಿತು.

ಬುಧವಾರದೊಳಗೆ ಅವಳು ಇಲ್ಲಿಲ್ಲದಿದ್ದರೆ ನಾನೇ ಬರುತ್ತೇನೆ. ಬಂದರೆ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೋಗುವವಳಲ್ಲ.

ಯಶೋಧರಾ


ಟಿ. ನರಸೀಪುರ
೧೯ ಮೇ ೧೯೯೮

ಸಿದ್ದರಾಜು ಅವರಿಗೆ,

ನೀವು ಬುಧವಾರ ಮಗುವನ್ನು ಬಾಗಿಲಲ್ಲಿ ಬಿಟ್ಟು, ಒಳಗೂ ಬಾರದೆ ಹೋದಿರಿ. ಆ ದಿನ ಅವಳು ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ನಿನ್ನೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಾಗ ತಾನಾಗಿ ಹೇಳಿದಳು.

‘ಅವ್ವ, ನಾನ್ ಒಬ್ಳೇ ಬಸ್ಸತ್ತಿದ್ದೆ ಗೊತ್ತಾ? ಕಂಡಕ್ಟ್ರು ಕಳ್ಳೇಕಾಯ್ ಕೊಟ್ರು.’

‘ಯಾವ ಬಸ್ಸು?’

‘ಬೆಟ್ಟುದ್ ಮೇಲೆ. ಕೆಂಪು ಬಸ್ಸು. ಬೋರ್ಡು ನಾನೇ ಓದ್ದೆ.’

‘ಅಪ್ಪ ಎಲ್ಲಿದ್ದರು?’

‘ಅವ್ರು ಬರ್ನಿಲ್ಲ. ನಾನೇ ಓಗ್ಬುಟ್ಟೆ.’

ನಿಮ್ಮ ಪತ್ರವನ್ನು ತೆಗೆದು ಮತ್ತೆ ಓದಿದೆ. ಅದರಲ್ಲಿ ಆನೆ ಇದೆ, ಕುದುರೆ ಇದೆ, ಕ್ಯಾರೆಟ್ ಇದೆ. ಬಸ್ಸಿಲ್ಲ.

ಪರವೂರಿನ ಘಟ್ಟದಲ್ಲಿ ಆರು ವರ್ಷದ ಮಗು ಒಂಟಿಯಾಗಿ ಬಸ್ಸು ಹತ್ತಿ ಹೋಗುವವರೆಗೆ ನೀವು ಏನು ನೋಡುತ್ತಿದ್ದಿರಿ ಎಂದು ಕೇಳುವುದಿಲ್ಲ. ಉತ್ತರವಾಗಿ ಇನ್ನೊಂದು ಆನೆಯನ್ನು ಬರೆದು ಕಳಿಸುತ್ತೀರಿ. ಜೂನ್ ಒಂದರಿಂದ ಅವಳು ನನ್ನ ಶಾಲೆಗೆ ಬರುತ್ತಾಳೆ. ಈ ವಿಷಯದಲ್ಲಿ ಮುಂದೆ ಮಾತಿಲ್ಲ.

ಯಶೋಧರಾ


ನಂಜನಗೂಡು
೨೫ ಮೇ ೧೯೯೮

ಅತ್ತಿಗೆಯವರಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ಮೇಲೆ ಏನು ತೀರ್ಮಾನ ಮಾಡಿದರೂ ಸರಿ.

ಮಂಗಳವಾರ ಸಂಜೆ ಊಟಿಯ ವಸತಿಗೃಹದ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳು ಖುಷಿಯಾಗಿದ್ದಳು. ಇದೇ ಹೊತ್ತು ಅನ್ನಿಸಿ ಹೇಳಿದೆ. ‘ಇನ್ಮೇಲೆ ನೀನು ನನ್ ಜೊತೇನೇ ನಂಜನಗೂಡಲ್ಲಿ ಇರ್ತೀಯ. ಹೊಸ ಮನೆ, ಹೊಸ ಸ್ಕೂಲು. ಅವ್ವನ್ನ ನೋಡಕ್ಕೆ ರಜದಲ್ಲಿ ಹೋಗ್ಬೋದು.’ ಅವಳು ಏನೂ ಅನ್ನಲಿಲ್ಲ. ಮೌನವನ್ನು ಒಪ್ಪಿಗೆ ಎಂದುಕೊಂಡೆ. ಮಾತು ನಿಲ್ಲಿಸುತ್ತಾಳೆ ಎಂದು ನೀವು ಬರೆದಿದ್ದಿರಿ. ಆದರೆ ನಾನು ಗದರಿರಲಿಲ್ಲವಲ್ಲ, ಅದಕ್ಕೇ ಹೊಳೆಯಲಿಲ್ಲ.

ಬುಧವಾರ ಬೆಳಗ್ಗೆ ಹೊರಟೆವು. ಪೈಕಾರ ದಾಟಿ ನಡುವಟ್ಟಂ ಇಳಿಜಾರಿನಲ್ಲಿ ಒಂದು ಲಾರಿ ಅಡ್ಡಬಿದ್ದು ರಸ್ತೆ ಕಟ್ಟಿತ್ತು. ನಮ್ಮ ಮುಂದೆ ಸಾಲಾಗಿ ವಾಹನಗಳು. ಎಲ್ಲರೂ ಇಳಿದು ಓಡಾಡುತ್ತಿದ್ದರು. ನಾನೂ ಶಿವಮಲ್ಲಪ್ಪನವರೂ ಲಾರಿ ನೋಡಲು ಮುಂದೆ ಹೋದೆವು. ಮಗು ಸಿದ್ದಲಿಂಗಮ್ಮನವರ ಹತ್ತಿರ ಇತ್ತು. ‘ಅಪ್ಪನತ್ರ ಓಯ್ತೀನಿ’ ಅಂದಳಂತೆ. ಅವರು ಕಳಿಸಿದರು. ನಾನು ಕಾಣುವ ದೂರದಲ್ಲೇ ನಿಂತಿದ್ದೆ.

ನನ್ನ ಹತ್ತಿರ ಬರಲಿಲ್ಲ. ನಡುವೆ ನಮ್ಮ ಕಡೆಯ ಕೆಂಪು ಬಸ್ಸೊಂದು ನಿಂತಿತ್ತು, ಊಟಿಯಿಂದ ಮೈಸೂರಿಗೆ ಹೋಗುವುದು. ಎಲ್ಲೆಲ್ಲೂ ಅವಳಿಗೆ ಓದಲು ಬಾರದ ಅಕ್ಷರವೇ. ಆ ಬೋರ್ಡು ಕನ್ನಡದ್ದು. ಹತ್ತಿ ಕೂತಿದ್ದಾಳೆ.

ದಾರಿ ಬಿಟ್ಟಿತು. ಎಲ್ಲರೂ ಓಡಿ ಹತ್ತಿದರು. ಬಸ್ಸು ಹೋಯಿತು. ನಾನು ಕಾರಿನ ಹತ್ತಿರ ಬಂದಾಗ ಸಿದ್ದಲಿಂಗಮ್ಮನವರು, ‘ಎಲ್ರೀ ಮಗು?’ ಅಂದರು. ನಾನೂ ಅದನ್ನೇ ಕೇಳುವವನಿದ್ದೆ.

ಒಂದು ಕಡೆ ಟೀ ತೋಟ, ಇನ್ನೊಂದು ಕಡೆ ಕಣಿವೆ. ಕೂಗಿದೆ. ಅಲ್ಲಿದ್ದ ಪೊಲೀಸಿನವನು ತಮಿಳಿನಲ್ಲಿ ಏನೋ ಕೇಳಿದ. ಶಿವಮಲ್ಲಪ್ಪನವರಿಗೆ ತಮಿಳು ಬರುತ್ತದೆ. ‘ಮಗು ಯಾವ ಬಣ್ಣದ ಬಟ್ಟೆ ಹಾಕಿತ್ತು ಅಂತ ಕೇಳ್ತಾವ್ನೆ ಸಿದ್ದರಾಜು’ ಅಂದರು.

ನನಗೆ ಗೊತ್ತಿರಲಿಲ್ಲ ಅತ್ತಿಗೆ. ಬೆಳಗ್ಗೆಯಿಂದ ಪಕ್ಕದಲ್ಲೇ ಕೂತಿದ್ದ ಮಗು. ಕಣ್ಣುಮುಚ್ಚಿ ನೆನೆದರೂ ಬರಲಿಲ್ಲ. ಸಿದ್ದಲಿಂಗಮ್ಮನವರೇ ಹೇಳಿದರು, ‘ಅರಿಶಿನದ ಬಣ್ಣ, ತೋಳಿಗೆ ಬಿಳೀ ಲೇಸು. ನಾನೇ ಹಾಕಿದ್ದು.’

ಆಮೇಲೆ ನಾನು ಕಣಿವೆಯ ಕಡೆ ಇಳಿದೆ. ಅರಿಶಿನದ ಬಣ್ಣ ಹುಡುಕುತ್ತ ಇಳಿದೆ. ಅದರ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಬಹಳ ಹೊತ್ತಾದ ಮೇಲೆ ಶಿವಮಲ್ಲಪ್ಪನವರು ಮೇಲಿಂದ ಹೆಸರು ಹಿಡಿದು ಕೂಗಿದರು. ಕೆಳಗಿನಿಂದ ಬಂದ ಲಾರಿಯ ಡ್ರೈವರ್ ಸುದ್ದಿ ತಂದಿದ್ದ. ಗೂಡಲೂರು ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕದ ಬಸ್ಸೊಂದು ನಿಂತಿದೆ, ಅದರ ಕಂಡಕ್ಟರು ಘಟ್ಟ ಹತ್ತುವ ಪ್ರತಿ ಗಾಡಿಯನ್ನೂ ಅಡ್ಡ ಹಾಕಿ ಒಂದು ಮಗುವಿನ ವಿಷಯ ಹೇಳಿ ಕಳಿಸುತ್ತಿದ್ದಾನೆ ಎಂದು.

ನಾವು ಹೋದಾಗ ಅವಳು ಕಂಡಕ್ಟರನ ಸೀಟಿನಲ್ಲಿ ಕೂತು ಕಳ್ಳೇಕಾಯಿ ಸುಲಿಯುತ್ತಿದ್ದಳು. ಬಸ್ಸಿನ ಜನ ತಡವಾಯಿತೆಂದು ಗೊಣಗುತ್ತಿದ್ದರು. ಕಂಡಕ್ಟರು ನಮ್ಮ ದೇವನೂರಿನವನು. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಟಿಕೆಟ್ ಕೊಡಾಕೆ ಓದ್ರೆ ಒಬ್ಳೇ ಕೂತವ್ಳೆ ಸಾ. ಯಾರ್ ಜೊತೆ ಬಂದ್ಯವ್ವ ಅಂದ್ರೆ, ನಮ್ಮೂರ್ಗೋಯ್ತೀನಿ ಅಂತಾಳೆ. ನಿಮ್ಮಪ್ಪನ ಎಸ್ರೇನು ಅಂದೆ. ಪಾಠ ಒಪ್ಸ್ದಂಗೆ ಏಳ್ಬುಟ್ಲು. ಸಿದ್ದರಾಜು, ಕಾಂಪೌಂಡರ್, ಪಶು ಆಸ್ಪತ್ರೆ, ನಂಜನಗೂಡು. ನೀವ್ ಬರ್ದೇ ಓಗಿದ್ರೆ ಅಲ್ಗೇ ತಂದ್ ಬುಡ್ತಿದ್ದೆ.’

ಅವಳ ಬಾಯಿಂದ ನನ್ನ ಹೆಸರು ನಾನು ಕೇಳಿರಲಿಲ್ಲ. ಆ ಮನೆಯಲ್ಲಿ ನನ್ನ ಹೆಸರೇ ಎತ್ತುವುದಿಲ್ಲ ಎಂದುಕೊಂಡಿದ್ದೆ. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ.

ಅಲ್ಲಿಂದಲೇ ನೇರವಾಗಿ ನಿಮ್ಮಲ್ಲಿಗೆ ತರಬೇಕಿತ್ತು. ಮುಖ ತೋರಿಸಲು ಧೈರ್ಯ ಬರಲಿಲ್ಲ. ನೆಗಡಿ ಇದ್ದದ್ದು ನಿಜ, ಜ್ವರ ಎನ್ನುವಷ್ಟಿರಲಿಲ್ಲ. ಹೊಸ ಮನೆಯ ಹೊಸ್ತಿಲ ಮೇಲೆ ಕೂತು ಬೀದಿ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಏನಾದರೂ ಕೇಳಿದ್ದರೆ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುತ್ತಿದ್ದೆನೋ ಏನೋ.

ನಿಮ್ಮ ಶಾಲೆಗೇ ಸೇರಲಿ. ಕಾನ್ವೆಂಟಿಗೆ ಹೋಗಿ ಸೀಟು ಬೇಡ ಎಂದು ಹೇಳಿ ಬಂದೆ.

ಸಿದ್ದರಾಜು


ಟಿ. ನರಸೀಪುರ
೭ ಜೂನ್ ೧೯೯೮

ಸಿದ್ದರಾಜು ಅವರಿಗೆ,

ನಿಮ್ಮ ಪತ್ರ ಬಂದು ಕೆಲವು ದಿನವಾಯಿತು. 

ನಿಮ್ಮ ಹೆಸರನ್ನು ಕಲಿಸಿದವಳು ನಾನೇ. ಮಾತು ಸ್ಪಷ್ಟವಾದಾಗಿನಿಂದ ಅಂಗನವಾಡಿಗೆ ಕರೆದುಕೊಂಡು ಹೋಗುವ ದಾರಿಯಲ್ಲಿ ದಿನವೂ ಹೇಳಿಸುತ್ತಿದ್ದೆ. ಇದರಲ್ಲಿ ನೀವು ಹೆಚ್ಚಿನ ಅರ್ಥ ಹುಡುಕುವುದು ಬೇಡ. ಕಳೆದುಹೋದ ಮಗುವನ್ನು ಜನ ಮೊದಲು ಕೇಳುವುದು ಅಪ್ಪನ ಹೆಸರನ್ನು. ದೊಡ್ಡಮ್ಮನ ಹೆಸರನ್ನು ಯಾರೂ ಕೇಳುವುದಿಲ್ಲ. ಮೊದಲು ಸೇಡಂ ಎಂದು ಹೇಳಿಸುತ್ತಿದ್ದೆ. ನಿಮಗೆ ವರ್ಗವಾದ ಸುದ್ದಿಯನ್ನು ಮಾದಯ್ಯನವರು ತಂದ ದಿನವೇ ನಂಜನಗೂಡು ಎಂದು ತಿದ್ದಿಸಿದೆ. ನೀವು ಬಂದು ಜಗಲಿಯ ಮೇಲೆ ಕೂರುವುದಕ್ಕೆ ಮುಂಚೆಯೇ.

ನೀವು ಮಗುವನ್ನು ಕೇಳದೆ ತೀರ್ಮಾನ ಮಾಡಿದಿರಿ. ನಾನೂ ಕೇಳಿರಲಿಲ್ಲ ಎಂಬುದು ನಿಮ್ಮ ಪತ್ರ ಓದಿದ ಮೇಲೆ ಹೊಳೆಯಿತು. ಮೊನ್ನೆ ಕೇಳಿದೆ. ‘ಅಪ್ಪನ ಮನೆಗೆ ಹೋಗಿ ಇರ್ತೀಯಾ?’ ಇಲ್ಲ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಬಂದು ಕೇಳಿದಳು.

‘ಅವ್ವ, ಅಪ್ಪನ್ ಕಾಲಲ್ಲಿ ಚಪ್ಲಿ ಇರ್ನಿಲ್ಲ ಅವತ್ತು. ಕಾಲೆಲ್ಲ ಕುಯ್ದೋಗಿತ್ತು. ಅಳ್ತಿದ್ರು. ಅವ್ರಿಗೆ ಅವ್ವ ಇಲ್ವಾ?’

ಇಲ್ಲ ಎಂದೆ. ನಿಮ್ಮ ತಾಯಿ ನೀವು ಚಿಕ್ಕವರಿದ್ದಾಗಲೇ ಹೋದವರೆಂದು ಕೋಮಲ ಹೇಳಿದ್ದಳು. ಗೌತಮಿ ಅದನ್ನು ಕೇಳಿಕೊಂಡು ಆಟಕ್ಕೆ ಹೋದಳು. ಕಾಲಿನ ವಿಷಯ ನೀವು ಬರೆದಿರಲಿಲ್ಲ.

ಭಾನುವಾರ ಬಂದರೆ ಒಳಗೆ ಬನ್ನಿ. ಮಧ್ಯಾಹ್ನದ ಊಟಕ್ಕೆ ನಿಲ್ಲಿ. ಅಮ್ಮನೂ ಹೇಳಿದರು.

ಯಶೋಧರಾ


ನಂಜನಗೂಡು
೧೮ ಆಗಸ್ಟ್ ೧೯೯೮

ಅತ್ತಿಗೆಯವರಿಗೆ ನಮಸ್ಕಾರಗಳು.

ಮೊನ್ನೆ ಭಾನುವಾರ ಬರಲಾಗಲಿಲ್ಲ. ಕಳಲೆಯಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸವಿತ್ತು, ಶನಿವಾರ ಸಂಜೆ ಆರ್ಡರ್ ಬಂತು. ಗೌತಮಿಗೆ ತಿಳಿಸಿ. ಬರುವ ವಾರ ಖಂಡಿತ ಬರುತ್ತೇನೆ. ಅತ್ತೆಯವರ ಮಂಡಿನೋವಿಗೆ ಎಣ್ಣೆ ತರುತ್ತೇನೆ. ಮನುಷ್ಯರದ್ದೇ.

ಸಿದ್ದು


ಟಿ. ನರಸೀಪುರ
೨೦ ಆಗಸ್ಟ್ ೧೯೯೮

ಸಿದ್ದರಾಜು,

ಭಾನುವಾರ ಪ್ರತಿ ಬಸ್ಸಿನ ಸದ್ದಿಗೂ ಎದ್ದು ಬಾಗಿಲಿಗೆ ಹೋದಳು. ಸಂಜೆಯ ಬಸ್ಸೂ ಹೋದ ಮೇಲೆ ಊಟ ಬೇಡ ಅಂದಳು. ಎದುರಿನ ಟೈಲರ್ ಅಂಗಡಿಯಲ್ಲಿ ಫೋನ್ ಇದೆ. ಕೂಗಿ ಹೇಳುತ್ತಾರೆ. ಇನ್ನು ಮುಂದೆ ಬರಲಾಗದಿದ್ದರೆ ಅಲ್ಲಿಗಾದರೂ ತಿಳಿಸಿ. ನಾನು ಕಾಯುವುದನ್ನು ಬಲ್ಲೆ. ಅವಳಿಗೆ ಅದನ್ನು ಕಲಿಸುವುದು ನನಗೆ ಇಷ್ಟವಿಲ್ಲ.

ಯಶೋಧರಾ


ನಂಜನಗೂಡು
೨೦ ಮೇ ೧೯೯೯

ಅತ್ತಿಗೆಯವರಿಗೆ ನಮಸ್ಕಾರಗಳು.

ಹೋದ ಭಾನುವಾರ ಮನೆಯಲ್ಲಿ ಈ ಮಾತು ಬಾಯಿಗೆ ಬಂದು ನಿಂತಿತು. ಗೌತಮಿ ಎದುರೇ ಇದ್ದಳು. ಆರ್ಡರ್ ಕೈಗೆ ಬಾರದೆ ಅವಳ ಕಿವಿಗೆ ಹಾಕುವುದು ಬೇಡವೆನ್ನಿಸಿತು. ಇಂದು ಬಂತು.

ಟಿ. ನರಸೀಪುರದ ಪಶು ಆಸ್ಪತ್ರೆಗೆ ವರ್ಗ ಕೇಳಿದ್ದೆ. ಸಿಕ್ಕಿದೆ. ಜೂನ್ ಮೊದಲ ವಾರ ಅಲ್ಲಿ ಕೆಲಸಕ್ಕೆ ಸೇರಬೇಕು. ‘ಇದ್ಯಾಕ್ ಸಿದ್ದರಾಜು, ನಂಜನಗೂಡು ಬುಟ್ಟು ಯಾರಾದ್ರೂ ಓಯ್ತಾರಾ’ ಅಂದರು ಶಿವಮಲ್ಲಪ್ಪನವರು.  ಸಿದ್ದಲಿಂಗಮ್ಮನವರು ಗೌತಮಿಗೆ ಹೊಲಿಸಲು ಬಟ್ಟೆ ಕೊಟ್ಟಿದ್ದಾರೆ.

ನಿಮ್ಮ ಕೈಯಿಂದ ಅವಳನ್ನು ಬಿಡಿಸುವ ಯೋಚನೆ ಇದರಲ್ಲಿಲ್ಲ. ಅವಳು ನಿಮ್ಮ ಹತ್ತಿರವೇ ಇರುತ್ತಾಳೆ. ನಾನು ಊರಲ್ಲಿರುತ್ತೇನೆ. ಹೊಳೆಯ ದಾರಿಯಲ್ಲಿ ಒಂದು ಹೆಂಚಿನ ಮನೆ ಖಾಲಿ ಇದೆಯೆಂದು ಮಾದಯ್ಯ ಮೇಷ್ಟ್ರು ಹೇಳಿದರು. ಅದಕ್ಕೆ ಮಾತಾಡಲೇ?

ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಬರೆಯಿರಿ.

ಸಿದ್ದು


ಟಿ. ನರಸೀಪುರ
೨೪ ಮೇ ೧೯೯೯

ಸಿದ್ದು,

ಹೊಳೆಯ ದಾರಿಯ ಮನೆಯನ್ನು ನೋಡಿ ಬಂದೆ. ಹಿತ್ತಿಲಲ್ಲಿ ಹಾಳು ಬಾವಿ ಇದೆ, ಕಟ್ಟೆಯಿಲ್ಲ. ಮಗು ಓಡಾಡುವ ಮನೆ. ಅದು ಬೇಡ.

ನಮ್ಮ ಹಿಂದಿನ ಬೀದಿಯಲ್ಲಿ ಕೆಂಪಾಜಮ್ಮನವರ ಮನೆಯ ಅರ್ಧ ಭಾಗ ಖಾಲಿಯಿದೆ. ಮಾತಾಡಿದ್ದೇನೆ. ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಗೆ ಸುಣ್ಣ ಅವರೇ ಹೊಡೆಸಿಕೊಡುತ್ತಾರಂತೆ. ಅವರ ಹಿತ್ತಿಲೂ ನಮ್ಮ ಹಿತ್ತಿಲೂ ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಮುಳ್ಳಿನ ಬೇಲಿ. ಗೌತಮಿಗೆ ಹೇಳಿದ್ದು ನಿನ್ನೆ. ಇಂದು ಬೆಳಗ್ಗೆ ನೋಡಿದರೆ ಬೇಲಿಯ ಬುಡದಲ್ಲಿ ತಾನು ತೂರುವಷ್ಟು ಕಂಡಿ ಮಾಡಿಟ್ಟಿದ್ದಾಳೆ.

ದೊಡ್ಡವರು ಓಡಾಡಲು ಅದು ಸಾಲದು. ಬರುವಾಗ ಒಂದು ಮಚ್ಚು ತನ್ನಿ.

ಯಶೋಧರಾ